ನೀರುಳ್ಳಿಗೆ ಕೊನೇ ಮೂರು ವಾರ ಗೊಬ್ಬರ ಕೊಡಬೇಕಾ, ಬಿಡಬೇಕಾ?

ಮರಳುಗದ್ದೆ
ಕುಮಟೆ ಸಿಹಿ ನೀರುಳ್ಳಿ, ನಾಟಿಯಾಗಿ 72 ದಿನ. ಜಾಗ ಆರು ಗುಂಟೆ, ಭತ್ತ ಕೊಯ್ದ ಮೇಲಿನ ಮರಳು ಮಿಶ್ರಿತ ಗದ್ದೆ. ಗಡ್ಡೆ ನಿಂಬೆಹಣ್ಣಿನ ಗಾತ್ರ ದಾಟಿದೆ, ಕತ್ತು (ಗಡ್ಡೆಗೂ ಎಲೆಗೂ ನಡುವಿನ ಭಾಗ) ಇನ್ನೂ ಗಟ್ಟಿ. ಬುಡಕ್ಕೆ ಕೊಟ್ಟಿಗೆ ಗೊಬ್ಬರ ಮತ್ತು ಸೂಪರ್ ಫಾಸ್ಫೇಟ್, ಆಮೇಲೆ 30 ಮತ್ತು 45ನೇ ದಿನಕ್ಕೆ ಯೂರಿಯಾ ಬಿದ್ದಿದೆ. ಗೊಬ್ಬರದಂಗಡಿಯಲ್ಲಿ ಈಗ 13:0:45 (ಸಾರಜನಕ, ರಂಜಕ, ಪೊಟ್ಯಾಷ್ ನೂರಕ್ಕೆ ಎಷ್ಟೆಷ್ಟು ಅನ್ನುವ ಲೆಕ್ಕ) ಒಂದು ಸಲ, ಹತ್ತು ದಿನ ಬಿಟ್ಟು 0:0:50 ಒಂದು ಸಲ ಹೊಡಿ, ತೂಕವೂ ಬರ್ತದೆ ಬಣ್ಣವೂ ಬರ್ತದೆ ಅಂತಾರೆ. ಪಕ್ಕದ ಗದ್ದೆಯವರದ್ದು ಉಲ್ಟಾ ಮಾತು. ಕೊನೆಗೆ ಏನು ಕೊಟ್ಟರೂ ಎಲೆ ಸಮೇತ ಹೆಣೆದು ನೇತು ಹಾಕಿದ ಗೊಂಚಲು ಮಳೆಗಾಲಕ್ಕೆ ಮುಂಚೆ ಕೊಳೀತದೆ, ಸಿಹಿ ಹೋಗಿ ಖಾರ ತಿರುಗ್ತದೆ ಅಂತಾರೆ. ಯಾರ ಮಾತು ಕೇಳಬೇಕು?

ಹಂದಿಗೋಣ ಹಾದಿ
ಪಕ್ಕದ ಗದ್ದೆಯವರದ್ದು.

ಗೊಬ್ಬರದ ಚೀಲ
ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟು ಹೋದರೆ ಹೇಗೆ ಭಾವ? ಗಡ್ಡೆ ತುಂಬುವ ಹೊತ್ತಿಗೆ ಪೊಟ್ಯಾಷ್ ಬೇಕೇ ಬೇಕು. ಎಲೆಯಲ್ಲಿ ಆದ ಸಕ್ಕರೆ ಗಡ್ಡೆಗೆ ಇಳಿಯುವುದು ಪೊಟ್ಯಾಷಿನ ಬಲದಿಂದಲೇ. ಇದು ಅಂಗಡಿಯವರ ಕಟ್ಟುಕತೆ ಅಲ್ಲ, ಪುಸ್ತಕದಲ್ಲೇ ಇದೆ.

ಲೆಕ್ಕದ ಪುಸ್ತಕ
ಪುಸ್ತಕದಲ್ಲಿ ಇರುವುದು ಸರಿ. ಪಂಪಿನಲ್ಲಿ ಎಷ್ಟು ಹೋಗ್ತದೆ ಅಂತ ಲೆಕ್ಕ ಹಾಕಿದ್ದೀರಾ? 15 ಲೀಟರಿನ ಪಂಪು, ಲೀಟರಿಗೆ 5 ಗ್ರಾಂ ಅಂದರೆ 0:0:50 ಒಟ್ಟು 75 ಗ್ರಾಂ. ಅದರಲ್ಲಿ ಪೊಟ್ಯಾಷ್ ಅರ್ಧ, 37 ಗ್ರಾಂ ಚಿಲ್ಲರೆ. ಒಂದು ಪಂಪು ಒಂದು ಗುಂಟೆಗೆ ಅಂತ ಇಟ್ಟುಕೊಳ್ಳಿ. ನೀರುಳ್ಳಿಗೆ ಹೆಕ್ಟೇರಿಗೆ 100 ಕಿಲೋ ಪೊಟ್ಯಾಷ್ ಬೇಕು ಅಂತ ಹಿಡಿದರೂ ಗುಂಟೆಗೆ ಒಂದು ಕಿಲೋ ಆಯ್ತು. ನೀವು ಕೊಟ್ಟದ್ದು ಅದರ ನೂರಕ್ಕೆ ನಾಲ್ಕು ಭಾಗವೂ ಅಲ್ಲ, ಅದರಲ್ಲೂ ಮೇಣ ಹಚ್ಚಿದ ಹಾಗಿರುವ ನೀರುಳ್ಳಿ ಎಲೆಯ ಮೇಲೆ ನಿಲ್ಲುವುದು ಎಷ್ಟೋ. ಉಳಿದದ್ದು ನೆಲಕ್ಕೆ.

ಹೆದರಿಸುವವರಿಗೂ ಅದೇ ಲೆಕ್ಕ. 13:0:45 ರ 75 ಗ್ರಾಂನಲ್ಲಿ ಸಾರಜನಕ 10 ಗ್ರಾಂ, ಅಂದರೆ 21 ಗ್ರಾಂ ಯೂರಿಯಾ. ಒಂದು ಮುಷ್ಟಿಯೂ ಅಲ್ಲ. ಅಷ್ಟಕ್ಕೆ ಗುಂಟೆಗಟ್ಟಲೆ ನೀರುಳ್ಳಿಯ ಕತ್ತು ದಪ್ಪ ಆಗುವುದಿಲ್ಲ. ಹೊಡೆದರೆ ದುಡ್ಡು ದಂಡ, ಬೆಳೆ ಹಾಳಾಗುವಷ್ಟು ಅಲ್ಲ.

ಮರಳುಗದ್ದೆ
ಹಾಗಾದರೆ ಕೊನೆಗೆ ಗೊಬ್ಬರ ಕೊಟ್ಟ ಗದ್ದೆಯದ್ದು ಕೊಳೆಯುವುದು ಯಾಕೆ? ಅದು ಸುಳ್ಳಲ್ಲವಲ್ಲ.

ಹಂದಿಗೋಣ ಹಾದಿ
ಸುಳ್ಳಲ್ಲ. ಅವರು ಪಂಪಿನಲ್ಲಿ ಹೊಡೆದು ಸುಮ್ಮನಾಗುವುದಿಲ್ಲ ತಮ್ಮ, 60-65ನೇ ದಿನಕ್ಕೆ ಗುಂಟೆಗೆ ಒಂದು ಕಿಲೋ ಯೂರಿಯಾ ಎರಚಿ ನೀರು ಬಿಡ್ತಾರೆ. ಒಂದು ಕಿಲೋ ಯೂರಿಯಾ ಅಂದರೆ 460 ಗ್ರಾಂ ಸಾರಜನಕ, ಎಕರೆ ಲೆಕ್ಕದಲ್ಲಿ 18 ಕಿಲೋ. ಅದು ಆಟವಲ್ಲ.

ಆಗುವುದು ಏನು ಅಂದರೆ, ಗಡ್ಡೆ ಕಟ್ಟುವ ಹೊತ್ತಿಗೆ ಗಿಡ ಹೊಸ ಎಲೆ ಹಾಕುವುದು ನಿಲ್ಲಿಸಬೇಕು. ನಿಲ್ಲಿಸಿದರೆ ಕತ್ತಿನ ಒಳಗೆ ಎಳೆ ಎಲೆ ಇರುವುದಿಲ್ಲ, ಕತ್ತು ಪೊಳ್ಳಾಗ್ತದೆ, ತನ್ನ ಭಾರಕ್ಕೆ ತಾನೇ ಬೀಳ್ತದೆ. ಸಾರಜನಕ ಸಿಕ್ಕುತ್ತಾ ಇದ್ದರೆ ಎಲೆ ಬರ್ತಾನೇ ಇರ್ತದೆ. ಕತ್ತು ಬೀಳುವುದಿಲ್ಲ, ಕಿತ್ತ ಮೇಲೂ ಒಣಗುವುದಿಲ್ಲ. ಒಣಗದ ಕತ್ತು ಅಂದರೆ ಬಾಗಿಲು ತೆರೆದಿಟ್ಟ ಹಾಗೆ, ಕೊಳೆ ಅಲ್ಲಿಂದಲೇ ಒಳಗೆ ಇಳಿಯುವುದು. ಗಡ್ಡೆಯ ಬುಡ ಗಟ್ಟಿ ಇರ್ತದೆ, ಮೇಲೆ ಹೆಗಲಿನ ಹತ್ತಿರ ಒತ್ತಿದರೆ ಮೆತ್ತಗೆ. ಕುಯ್ದು ನೋಡಿದರೆ ನಡುವಿನ ಒಂದೆರಡು ಪದರ ಮಾತ್ರ ಕಂದು ತಿರುಗಿ ಲೋಳೆ ಆಗಿರ್ತದೆ, ಹೊರಗಿನವು ಚೆನ್ನಾಗಿಯೇ ಇರ್ತವೆ. ಕೊಂಡವರಿಗೆ ಮನೆಗೆ ಹೋದ ಮೇಲೇ ಗೊತ್ತಾಗುವುದು.

ನಿಮ್ಮದು 45ಕ್ಕೆ ನಿಂತಿದೆಯಲ್ಲ, ಸರಿಯಾಗಿದೆ. ರಾಜಗುರುನಗರದ ಈರುಳ್ಳಿ-ಬೆಳ್ಳುಳ್ಳಿ ಸಂಶೋಧನಾ ಕೇಂದ್ರದವರು ಹೇಳುವ ಮೇಲುಗೊಬ್ಬರವೂ 30 ಮತ್ತು 45ನೇ ದಿನಕ್ಕೇ.

ಹೊನ್ನಾವರ ಸೇತುವೆ
ಇದಕ್ಕೇ ಹೇಳುವುದು ಯೂರಿಯಾ ಮುಟ್ಟಬೇಡಿ ಅಂತ. ಶೇಂಗಾ ಹಿಂಡಿ, ಮೀನಿನ ಗೊಬ್ಬರ, ಜೀವಾಮೃತ ಹಾಕಿ. ಸಾವಯವದ್ದು ಕೊನೆಯವರೆಗೆ ಕೊಟ್ಟರೂ ಕೊಳೆ ಬರುವುದಿಲ್ಲ.

ಲೆಕ್ಕದ ಪುಸ್ತಕ
ಅಯ್ಯೋ. ಬೇರಿಗೆ ನೈಟ್ರೇಟು ಚೀಲದಿಂದ ಬಂತೋ ಗಾಣದಿಂದ ಬಂತೋ ಗೊತ್ತಾಗುವುದಿಲ್ಲ. ಶೇಂಗಾ ಹಿಂಡಿಯಲ್ಲಿ ಸಾರಜನಕ ನೂರಕ್ಕೆ ಏಳರ ಹತ್ತಿರ. 50ನೇ ದಿನಕ್ಕೆ ಗುಂಟೆಗೆ ಐದು ಕಿಲೋ ನೆನೆಸಿ ಹಾಕಿದರೆ 350 ಗ್ರಾಂ ಸಾರಜನಕ, ಅದೂ ಒಂದೇ ಸಲಕ್ಕೆ ಅಲ್ಲ, ವಾರಗಟ್ಟಲೆ ಸ್ವಲ್ಪ ಸ್ವಲ್ಪ ಬಿಡ್ತಾ ಇರ್ತದೆ. ಯೂರಿಯಾ ಆದರೆ ಮರಳಲ್ಲಿ ಎರಡು ಮೂರು ವಾರದಲ್ಲಿ ತಿಂದೋ ತೊಳೆದೋ ಮುಗೀತದೆ. ಹಿಂಡಿ ಮತ್ತು ಮೀನು ಸರಿಯಾಗಿ ಕತ್ತು ಬೀಳಬೇಕಾದ ಹೊತ್ತಿಗೆ ಕೈಕೊಡ್ತವೆ. ಕೊನೆಗೆ ಏನೂ ಕೊಟ್ಟಿಲ್ಲ, ಆದರೂ ಕತ್ತು ದಪ್ಪ ಅಂತ ಅಳುವವರಲ್ಲಿ ಹೆಚ್ಚಿನವರ ಕತೆ ಇದೇ.

ಹೊನ್ನಾವರ ಸೇತುವೆ
ಮೀನಿನ ಗೊಬ್ಬರ ಹಾಕಿ ಬೆಳೆದ ತೆಂಗು ನೋಡಿದ್ದೀರಾ?

ಲೆಕ್ಕದ ಪುಸ್ತಕ
ತೆಂಗಿನ ಮರಕ್ಕೆ ಕತ್ತು ಬೀಳಬೇಕಾಗಿಲ್ಲ ಮಾರಾಯ್ರೆ.

ಅಂಕೋಲೆ ಅಕ್ಕ
😄 ಹಿಂಡಿ ಬೇಡ ಅಂತಲ್ಲ. ನಾಟಿಗೆ ಮುಂಚೆ ಮಡಿಗೆ ಸೇರಿಸಿ, ಇಲ್ಲ 20-25ನೇ ದಿನದ ಒಳಗೆ ಮುಗಿಸಿ. ಜೀವಾಮೃತ ಅಂತೂ ನೀರೇ, ಸಾರಜನಕ ಲೆಕ್ಕಕ್ಕೆ ಬರುವಷ್ಟು ಇಲ್ಲ. ಆದರೆ ಅದರ ನೆಪದಲ್ಲಿ ಕೊನೇ ವಾರದವರೆಗೆ ಬುಡ ಒದ್ದೆ ಮಾಡ್ತೀರಲ್ಲ, ತೊಂದರೆ ಅದು.

ಶಿರಸಿ ಘಟ್ಟ
ನಮ್ಮ ಕಡೆ ಕಾಳುಮೆಣಸಿಗೂ ಅಡಿಕೆಗೂ ಕೊಯ್ಲಿಗೆ ಮುಂಚೆ ಗೊಬ್ಬರ ನಿಲ್ಲಿಸಬೇಕು ಅನ್ನುವ ಮಾತೇ ಇಲ್ಲ. ನೀರುಳ್ಳಿಗೆ ಮಾತ್ರ ಎಂತಕ್ಕೆ ಇಷ್ಟು ಮಡಿ?

ಹಂದಿಗೋಣ ಹಾದಿ
ಮೆಣಸಿನ ಬಳ್ಳಿ ಕೊಯ್ಲಾದ ಮೇಲೂ ಬದುಕಿರ್ತದೆ, ಮುಂದಿನ ವರ್ಷಕ್ಕೂ ಉಣ್ಣಬೇಕು. ನೀರುಳ್ಳಿಯಲ್ಲಿ ನಾವು ಕೊಯ್ಯುವುದು ಗಿಡ ತಾನೇ ನಿದ್ದೆಗೆ ಕಟ್ಟಿಕೊಂಡ ಬುತ್ತಿ. ನಿದ್ದೆ ಹೋಗುವ ಹೊತ್ತಿಗೆ ಊಟಕ್ಕೆ ಎಬ್ಬಿಸಿದರೆ ನಿದ್ದೆ ಕೆಡ್ತದೆ, ಆಮೇಲೆ ಗೊಂಚಲಿನಲ್ಲಿ ಮೊಳಕೆ. ಅಡಿಕೆಗೂ ಇದಕ್ಕೂ ಸಂಬಂಧ ಇಲ್ಲ ಭಾವ.

ಶಿರಸಿ ಘಟ್ಟ
ಸರಿ ಬಿಡಿ. ಆದರೆ ಕೆನಡಾದಲ್ಲಿ, 2018ರಿಂದ ಗಾಂಜಾ ಕಾನೂನುಬದ್ಧ ಅಲ್ಲವೋ, ಅಲ್ಲಿ ಬೆಳೆಯುವವರು ಕಡೇ ಎರಡು ವಾರ ಗೊಬ್ಬರ ಪೂರಾ ನಿಲ್ಲಿಸಿ ಬರೀ ನೀರು ಹಾಯಿಸ್ತಾರಂತೆ, ಗಿಡದ ಒಳಗಿನ ಗೊಬ್ಬರ ತೊಳೆದು ರುಚಿ ಬರ್ತದೆ ಅಂತ. ನೀರುಳ್ಳಿಗೂ ಹಾಗೆ ನೀರು ಹಾಯಿಸಿದರೆ?

ಲೆಕ್ಕದ ಪುಸ್ತಕ
ಆ ವಾದ ಅಲ್ಲೇ ಇನ್ನೂ ಮುಗಿದಿಲ್ಲ. ಕೊಲರಾಡೋದ ಗೊಬ್ಬರ ಕಂಪನಿಯೊಂದು 0, 7, 10, 14 ದಿನ ತೊಳೆದದ್ದನ್ನು ಹೋಲಿಸಿತ್ತು. ಇಳುವರಿಯಲ್ಲೂ ವ್ಯತ್ಯಾಸ ಸಿಗಲಿಲ್ಲ, ಸೇದಿ ನೋಡಿದವರಿಗೂ ಸಿಗಲಿಲ್ಲ. ಕಾರಣ ಸರಳ. ಬೇರಿನ ಹೊರಗಿರುವ ಉಪ್ಪನ್ನು ನೀರು ತೊಳೆಯಬಹುದು, ಗಿಡದೊಳಗೆ ಹೋದದ್ದನ್ನು ತೊಳೆಯಲಿಕ್ಕೆ ಆಗುವುದಿಲ್ಲ. ಒಳಗಿನದ್ದನ್ನು ಗಿಡವೇ ಹಳೇ ಎಲೆಯಿಂದ ಎಳೆದು ಖರ್ಚು ಮಾಡಬೇಕು. ಮತ್ತೆ ಇಲ್ಲಿ 1985ರ ಮಾದಕವಸ್ತು ಕಾಯಿದೆ ಇದೆ, ಆ ಬೆಳೆಯ ಮಾತು ಇಲ್ಲಿಗೆ ಸಾಕು 🙏

ಹಂದಿಗೋಣ ಹಾದಿ
ನೀರುಳ್ಳಿಗೆ ಕೊನೆಗೆ ನೀರು ಹಾಯಿಸಿದರೆ ಕೆಲಸ ಕೆಟ್ಟಿತು ಅಂತಲೇ. ಒಣಗಲು ಬಿಟ್ಟ ಗಡ್ಡೆಗೆ ಮತ್ತೆ ನೀರು ಸಿಕ್ಕಿದರೆ ಒಳಪದರ ಉಬ್ಬಿ ಹೊರಗಿನ ಸಿಪ್ಪೆ ಸೀಳ್ತದೆ, ಬುಡದಲ್ಲಿ ಬಿಳಿ ಬೇರು ಹೊಸದಾಗಿ ಬರ್ತದೆ. ಸಿಪ್ಪೆ ಸೀಳಿದ ಗಡ್ಡೆಗೆ ಕಪ್ಪು ಬೂಸ್ಟು ಹಿಡಿಯಲಿಕ್ಕೆ ನಮ್ಮ ಕರಾವಳಿಯ ಸೆಕೆಯಲ್ಲಿ ಒಂದು ವಾರ ಸಾಕು.

ಮರಳುಗದ್ದೆ
ನೀರು ಯಾವಾಗ ನಿಲ್ಲಿಸಬೇಕು ಹಾಗಾದರೆ? 15 ದಿನ ಮುಂಚೆ ಅಂತ ಎಲ್ಲ ಕಡೆ ಬರೆದಿದೆ.

ಹಂದಿಗೋಣ ಹಾದಿ
ಅದು ಎರೆಮಣ್ಣು, ಕೆಂಪುಮಣ್ಣಿನವರ ಲೆಕ್ಕ. ನೀರುಳ್ಳಿ ಬೇರು ಒಂದಡಿ ಒಳಗೇ ಇರುವುದು, ನಮ್ಮ ಮರಳಿನಲ್ಲಿ ಆ ಒಂದಡಿ ನಾಲ್ಕು ದಿನಕ್ಕೇ ಒಣಗ್ತದೆ. 15 ದಿನ ಮುಂಚೆ ನಿಲ್ಲಿಸಿದರೆ ಗಡ್ಡೆ ತುಂಬುವ ಮೊದಲೇ ಎಲೆ ಸುಟ್ಟು ತೂಕ ಹೋಗ್ತದೆ. ಮರಳಲ್ಲಿ ದಿನ ಎಣಿಸಬೇಡಿ, ಕತ್ತು ನೋಡಿ. ನೂರರಲ್ಲಿ ಹತ್ತು ಹದಿನೈದು ಗಿಡ ತಾನಾಗಿ ಬಿದ್ದಾಗ ನೀರಿನ ಅಂತರ ಎರಡು ಪಟ್ಟು ಮಾಡಿ, ಮೂವತ್ತು ಬಿದ್ದಾಗ ಪೂರಾ ನಿಲ್ಲಿಸಿ. ಅರ್ಧ ದಾಟಿದ ಮೇಲೆ ಒಂದು ವಾರದೊಳಗೆ ಕಿತ್ತರೆ ಆಯ್ತು.

ಬೀಳದ ಗಿಡದ ಕತ್ತು ನೋಡುವ ಕ್ರಮವೂ ಹೇಳ್ತೇನೆ. ಗಡ್ಡೆಯಿಂದ ಒಂದಿಂಚು ಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಹಿಚುಕಿ. ಖಾಲಿ ಕೊಳವೆ ಹಾಗೆ ಚಪ್ಪಟೆ ಆದರೆ ಎರಡು ದಿನದಲ್ಲಿ ತಾನೇ ಬೀಳುವ ಗಿಡ. ನಡುವೆ ಪೆನ್ನಿನ ರೀಫಿಲ್ಲು ಸಿಕ್ಕಿದ ಹಾಗೆ ಏನೋ ಜಾರಿದರೆ ಒಳಗೆ ಎಳೆ ಎಲೆ ಇನ್ನೂ ಬರ್ತಿದೆ. ಕಡ್ಡಿ ಹಾಗೆ ಗಟ್ಟಿಯಾಗಿ ಜಾರದೆ ನಿಂತರೆ ಅದು ಹೂವಿನ ದಂಟು, ಅಂಥದ್ದನ್ನು ಗೊಂಚಲಿಗೆ ಸೇರಿಸಲೇಬೇಡಿ, ಮನೆಗೆ ತಿನ್ನಿ.

ಗೊಬ್ಬರದ ಚೀಲ
ಕತ್ತು ಬೀಳದಿದ್ದರೆ ಕಾಲಿನಲ್ಲಿ ಮೆಟ್ಟಿ ಬೀಳಿಸುವುದು ಇದೆಯಲ್ಲ. ಡ್ರಮ್ಮು ಉರುಳಿಸಿ ಬೀಳಿಸುವವರೂ ಇದ್ದಾರೆ.

ಅಂಕೋಲೆ ಅಕ್ಕ
ಮೆಟ್ಟಿದ ಕತ್ತು ಬಾಗ್ತದೆ, ಒಣಗುವುದಿಲ್ಲ. ಒಳಗಿನ ಎಳೆ ಎಲೆ ಹಾಗೇ ಹಸಿ ಇರ್ತದೆ, ಜಜ್ಜಿದ ಜಾಗದಲ್ಲಿ ಕೊಳೆ ಬೇರೆ ಹಿಡೀತದೆ. ಮುಕ್ಕಾಲು ಗದ್ದೆ ತಾನಾಗಿ ಬಿದ್ದಿದ್ದು ಉಳಿದ ನಾಲ್ಕು ಗಿಡಕ್ಕೆ ಮಾಡಿದರೆ ಮಾಡಲಿ. ಗೊಂಚಲು ಕಟ್ಟುವ ನೀರುಳ್ಳಿಗಂತೂ ಕತ್ತೇ ಬಂಡವಾಳ. ಬೇರೆ ಊರಿನವರು ಕತ್ತು ಕತ್ತರಿಸಿ ಚೀಲಕ್ಕೆ ತುಂಬ್ತಾರೆ, ನಮ್ಮದು ಅದರ ಮೇಲೆಯೇ ನೇತಾಡಬೇಕು.

ಕಾರವಾರ ಕಡಲಂಚು
ಯಾರೂ ಉಪ್ಪಿನ ಮಾತು ಎತ್ತಲಿಲ್ಲವಲ್ಲ. ಫೆಬ್ರವರಿ ಕಳೆದ ಮೇಲೆ ಕಡಲ ಹತ್ತಿರದ ಬಾವಿ ನೀರು ಇಳಿದ ಹಾಗೆ ಉಪ್ಪು ಏರ್ತದೆ. ತರಕಾರಿಗಳಲ್ಲಿ ಉಪ್ಪಿಗೆ ಬೇಗ ಸೋಲುವವುಗಳ ಪೈಕಿ ನೀರುಳ್ಳಿ ಒಂದು. ಮಣ್ಣಿನ ರಸದ ಇಸಿ (ಉಪ್ಪು ಎಷ್ಟಿದೆ ಅನ್ನುವ ಅಳತೆ) 1.2 ದಾಟಿದರೆ ಇಳುವರಿ ಇಳಿಯಲಿಕ್ಕೆ ಶುರು, ಆಮೇಲೆ ಒಂದೊಂದು ಅಂಕಿಗೆ ನೂರಕ್ಕೆ 16ರಂತೆ ಹೋಗ್ತದೆ. ಉಪ್ಪು ಹೆಚ್ಚಾದರೆ ಎಲೆ ತುದಿ ಸುಡ್ತದೆ, ಅದನ್ನು ನೋಡಿ ಪೊಟ್ಯಾಷ್ ಕಡಿಮೆ ಅಂತ ಕೆಂಪು ಪೊಟ್ಯಾಷ್ ಎರಚ್ತಾರೆ. ಕೆಂಪು ಪೊಟ್ಯಾಷ್ ಅಂದರೆ ಎಂಒಪಿ, ಅರ್ಧಕ್ಕರ್ಧ ಕ್ಲೋರೈಡು. ಉಪ್ಪಿಗೆ ಉಪ್ಪು ಸೇರಿ ತುದಿ ಇನ್ನೂ ಸುಡ್ತದೆ, ಇನ್ನೊಂದು ಮುಷ್ಟಿ ಬೀಳ್ತದೆ. ಕೊನೇ ಹಂತದ ಗೊಬ್ಬರದಿಂದ ನಿಜವಾಗಿ ಕೆಡುವುದು ಇಲ್ಲಿ ಜಾಸ್ತಿ.

ಗುರುತು ಹಿಡಿಯುವುದು ಹೇಗೆ ಅಂದರೆ, ಪೊಟ್ಯಾಷ್ ಕೊರತೆ ಹಳೇ ಎಲೆಯಿಂದ ಶುರುವಾಗ್ತದೆ, ಗದ್ದೆಯಲ್ಲಿ ಅಲ್ಲಲ್ಲಿ. ಉಪ್ಪಿನದ್ದು ನೀರು ಹೋದ ದಾರಿಯಲ್ಲೇ ಸಾಲಾಗಿ, ಮಡಿಯ ಏರಿನ ಮೇಲೆ ಬಿಳಿ ಪುಡಿ ಸಮೇತ.

ಮರಳುಗದ್ದೆ
ನಮ್ಮ ಬಾವಿ ನೀರು ಕುಡಿಯಲಿಕ್ಕೆ ಬರ್ತದೆ. ತುದಿ ಸುಟ್ಟದ್ದು ಕಾಣುವುದಿಲ್ಲ.

ಕಾರವಾರ ಕಡಲಂಚು
ಹಾಗಾದರೆ ನೀವು ಬಚಾವು. ಬೂದಿ ಎರಚುವ ಆಸೆ ಬಂದರೂ ತಡೀರಿ, ಅದರಲ್ಲೂ ಪೊಟ್ಯಾಷ್ ಜೊತೆ ಕ್ಷಾರ ಇದೆ. ಬೂದಿಗೆ ನಾಟಿಗೆ ಮುಂಚಿನ ಹೊತ್ತು ಒಳ್ಳೇದು, ನಮ್ಮ ಮಣ್ಣಿನ ಹುಳಿಯೂ ಸ್ವಲ್ಪ ಮುರೀತದೆ.

ಶಿರಸಿ ಘಟ್ಟ
ಖಾರದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಕೊನೆಗೆ ಗೊಬ್ಬರ ಕೊಟ್ಟರೆ ಸಿಹಿ ನೀರುಳ್ಳಿ ಖಾರ ಆಗ್ತದಾ ಇಲ್ಲವಾ?

ಲೆಕ್ಕದ ಪುಸ್ತಕ
ಖಾರ ಬರುವುದು ಗಂಧಕದಿಂದ. ನೀರುಳ್ಳಿ ಹೆಚ್ಚಿದಾಗ ಕಣ್ಣುರಿ ತರುವ ವಸ್ತು ಗಂಧಕದ ಸಂಯುಕ್ತ, ಜೀವಕೋಶ ಒಡೆದಾಗ ಮಾತ್ರ ಹುಟ್ಟುವುದು. ಅದಕ್ಕೇ ಇಡೀ ಗಡ್ಡೆ ಮೂಸಿದರೆ ಏನೂ ಇಲ್ಲ. ಸಿಹಿ ನೀರುಳ್ಳಿ ಅಂದರೆ ಸಕ್ಕರೆ ಜಾಸ್ತಿ ಇರುವುದು ಅಂತ ತಿಳೀಬೇಡಿ, ಗಂಧಕದ ಖಾರ ಕಡಿಮೆ ಇರುವುದರಿಂದ ಇರುವ ಸಕ್ಕರೆ ನಾಲಿಗೆಗೆ ಹತ್ತುವುದು. ಇಟ್ಟುಕೊಳ್ಳುವ ಖಾರದ ಈರುಳ್ಳಿಯಲ್ಲಿ ಸಕ್ಕರೆ ಇದಕ್ಕಿಂತ ಜಾಸ್ತಿ ಇರುವುದೂ ಉಂಟು. ಅಮೆರಿಕದ ಜಾರ್ಜಿಯಾದಲ್ಲಿ ವಿಡಾಲಿಯಾ ಅಂತ ಸಿಹಿ ಈರುಳ್ಳಿ ಇದೆ, ಅದೂ ಗಂಧಕ ನಿಲ್ಲದ ಮರಳುಮಣ್ಣಿನದ್ದೇ. ಅಲ್ಲಿ ಗಿಡ ಬೆಳೆಯಲಿಕ್ಕೆ ಬೇಕಾದ ಗಂಧಕ ಮೊದಲೇ ಕೊಟ್ಟು ಗಡ್ಡೆ ಕಟ್ಟುವ ಹೊತ್ತಿಗೆ ಕೈ ಬಿಡ್ತಾರೆ.

ಗೊಬ್ಬರದ ಚೀಲ
0:0:50 ಅಂದರೆ ಸಲ್ಫೇಟು. ಅದರಲ್ಲಿ ಗಂಧಕ ನೂರಕ್ಕೆ 17.5 ಇದೆ. ಹಾಗಾದರೆ ಅದು ಖಾರ ತರ್ತದೆ ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು 😀

ಲೆಕ್ಕದ ಪುಸ್ತಕ
75 ಗ್ರಾಂನಲ್ಲಿ 13 ಗ್ರಾಂ ಗಂಧಕ. ಬುಡಕ್ಕೆ ಹಾಕಿದ ಸೂಪರ್ ಗುಂಟೆಗೆ ಮೂರು ಕಿಲೋ ಆದರೆ ಅದರಲ್ಲೇ 330 ಗ್ರಾಂ ಬಂದಿದೆ, ಸ್ವಲ್ಪ ಭಾಗ ನೀರಿನ ಜೊತೆ ಇಳಿದೂ ಹೋಗಿದೆ. 13 ಗ್ರಾಂ ಯಾವ ಲೆಕ್ಕ? ಹೆದರಬೇಕಾದ್ದು ಅಮೋನಿಯಂ ಸಲ್ಫೇಟಿಗೆ. ಯೂರಿಯಾ ಸಿಗಲಿಲ್ಲ ಅಂತ 60ನೇ ದಿನಕ್ಕೆ ಗುಂಟೆಗೆ ಎರಡು ಕಿಲೋ ಅದನ್ನು ಎರಚಿದರೆ ಸಾರಜನಕ 400 ಗ್ರಾಂ, ಗಂಧಕ 460 ಗ್ರಾಂ. ಕತ್ತೂ ದಪ್ಪ, ನಾಲಿಗೆಗೂ ಖಾರ. ಎರಡೂ ತಪ್ಪು ಒಂದೇ ಚೀಲದಲ್ಲಿ. ನೀರು ಕಡಿಮೆ ಮಾಡಿ ಗಿಡ ಬಳಲಿಸಿದರೂ ಖಾರ ಏರ್ತದೆ, ಅದೂ ನೆನಪಿರಲಿ. ಸಿಹಿ ಬೇಕು ಅಂದರೆ ಕತ್ತು ಬೀಳುವವರೆಗೆ ಹದವಾಗಿ ನೀರು ಬೇಕೇ.

ಅಂಕೋಲೆ ಅಕ್ಕ
ಅಲ್ಲೇ ಇರುವುದು ತಿಕ್ಕಾಟ. ಸಿಹಿ ಇರುವ ನೀರುಳ್ಳಿಯಲ್ಲಿ ನೀರು ಜಾಸ್ತಿ, ಬಾಳಿಕೆ ಕಡಿಮೆ. ಕುಮಟೆ ನೀರುಳ್ಳಿ ಅವಲಕ್ಕಿಗೆ ಹಸಿಯಾಗಿ ಕೊಚ್ಚಿ ಹಾಕಲಿಕ್ಕೆ ಚಂದ, ಮುಂದಿನ ದೀಪಾವಳಿವರೆಗೆ ಬರಲಿ ಅಂದರೆ ಬರುವುದಿಲ್ಲ. ಗೊಬ್ಬರ ಎಷ್ಟು ಸರಿ ಮಾಡಿದರೂ ಅದರ ಜಾತಿಯೇ ಹಾಗೆ.

ಶಿರಸಿ ಘಟ್ಟ
ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಚಾತುರ್ಮಾಸಕ್ಕೆ ನೀರುಳ್ಳಿ ಹೇಗೂ ಬಿಡ್ತಾರೆ. ಆಷಾಢ ಏಕಾದಶಿವರೆಗೆ ಬಂದರೆ ಸಾಕು 😄

ಹೊನ್ನಾವರ ಸೇತುವೆ
ಹೆದ್ದಾರಿ ಬದಿಯಲ್ಲಿ ಎಲೆ ಸಮೇತ ನೇತು ಹಾಕಿದ್ದೆಲ್ಲ ಕುಮಟೆಯದ್ದು ಅಂತ ಕೊಳ್ಳುವವರು ಇರುವವರೆಗೆ ಗೊಬ್ಬರದ ಚರ್ಚೆ ಮಾಡಿ ಎಂತ ಪ್ರಯೋಜನ.

ಅಂಕೋಲೆ ಅಕ್ಕ
ಅದಕ್ಕೆ ಬೇರೆ ಹರಟೆ ಶುರು ಮಾಡಿ ಅಣ್ಣ. ಇಲ್ಲಿ ಒಣಗಿಸುವ ಮಾತು ಬಾಕಿ ಇದೆ. ಕೊನೇ ಗೊಬ್ಬರದ ಮೇಲೆ ಹಾಕುವ ಅಪವಾದದಲ್ಲಿ ಅರ್ಧ ಒಣಗಿಸುವಾಗಿನ ತಪ್ಪಿಗೆ ಸೇರಬೇಕು.

ಕಿತ್ತ ಗಡ್ಡೆಯನ್ನು ಸಾಲಿನಲ್ಲೇ ಮಲಗಿಸಿ, ಒಂದು ಸಾಲಿನ ಎಲೆ ಹಿಂದಿನ ಸಾಲಿನ ಗಡ್ಡೆಯನ್ನು ಮುಚ್ಚುವ ಹಾಗೆ. ಏಪ್ರಿಲ್ ಬಿಸಿಲು ನೇರ ಬಿದ್ದರೆ ಹೆಗಲಿನ ಹತ್ತಿರ ಬೆಂದ ಹಾಗೆ ಬಿಳಿ ಮಚ್ಚೆ ಆಗಿ, ಹತ್ತು ದಿನಕ್ಕೆ ಅಲ್ಲೇ ಮೆತ್ತಗಾಗ್ತದೆ. ಮೂರು ನಾಲ್ಕು ದಿನ ಗದ್ದೆಯಲ್ಲಿ, ಆಮೇಲೆ ಗಾಳಿ ಆಡುವ ಮಾಡಿನ ಕೆಳಗೆ ಹತ್ತು ಹನ್ನೆರಡು ದಿನ. ಮೋಡ ಕಂಡರೆ ಮೊದಲ ದಿನವೇ ಒಳಗೆ. ಜಡೆ ಹೆಣೆಯುವುದು ಬೆಳಿಗ್ಗೆ, ಇಬ್ಬನಿಗೆ ಎಲೆ ಸ್ವಲ್ಪ ಮೆತ್ತಗಿರುವಾಗ. ಮಧ್ಯಾಹ್ನ ಹೆಣೆದರೆ ಪುಡಿ ಪುಡಿ. ಆದರೆ ಮೆತ್ತಗೆ ಅಂದರೆ ಹಸಿರು ಅಂತ ಅಲ್ಲ. ಒಂದೇ ಒಂದು ಹಸಿರು ಕತ್ತು ಜಡೆಯ ಒಳಗೆ ಸೇರಿದರೆ ಅದರ ಮೇಲೂ ಕೆಳಗೂ ಇರುವ ನಾಲ್ಕು ಹಾಳು. ಕಟ್ಟುವ ಮೊದಲು ಎರಡು ಬೆರಳಿನಲ್ಲಿ ಕತ್ತು ತಿಕ್ಕಿ ನೋಡಿ, ಸರ ಸರ ಅಂದರೆ ಸೈ, ತಣ್ಣಗೆ ಹತ್ತಿದರೆ ಪಕ್ಕಕ್ಕೆ.

ಮರಳುಗದ್ದೆ
ಇಷ್ಟೆಲ್ಲ ಕೇಳಿದ ಮೇಲೆ ಈ ಸಲ ಹೊಡೆಯದೇ ಬಿಡುವ ಅಂತ. ಆದರೆ ಪರೀಕ್ಷೆಗೆ ಒಂದು ಗುಂಟೆಗೆ ಅಂಗಡಿಯವರು ಹೇಳಿದ ಹಾಗೆ ಹೊಡೆದು, ಉಳಿದ ಐದಕ್ಕೆ ಬಿಟ್ಟು ನೋಡಿದರೆ ಆಗ್ತದಾ?

ಗೊಬ್ಬರದ ಚೀಲ
ಹಾಗೆ ನೋಡಿ ಹೇಳಿ. ನ್ಯಾಯ ಅಂದರೆ ಅದು.

ಲೆಕ್ಕದ ಪುಸ್ತಕ
ಒಂದೇ ಮೂಲೆಯ ಗುಂಟೆ ಆರಿಸಬೇಡಿ. ಬಾವಿ ಕಡೆಯದ್ದಕ್ಕೆ ನೀರು ಜಾಸ್ತಿ, ಏರಿ ಕಡೆಯದ್ದಕ್ಕೆ ಬಿಸಿಲು ಜಾಸ್ತಿ, ಯಾವುದರಿಂದ ಏನಾಯ್ತು ಅಂತ ಗೊತ್ತೇ ಆಗುವುದಿಲ್ಲ. ಮಡಿ ಬಿಟ್ಟು ಮಡಿ ಹೊಡೆಯಿರಿ, ಹೊಡೆಯದ ಮಡಿಗೆ ಬರೀ ನೀರು ಹೊಡೆಯಿರಿ. ಅಂಚಿನ ಎರಡೆರಡು ಸಾಲು ಲೆಕ್ಕಕ್ಕೆ ಬೇಡ. ಹೊಡೆದದ್ದಕ್ಕೆ ಕೆಂಪು ದಾರ, ಹೊಡೆಯದ್ದಕ್ಕೆ ಬಿಳಿ ದಾರ ಹಾಕಿ ಗೊಂಚಲು ಕಟ್ಟಿ, ಒಂದೊಂದರದ್ದು ಹತ್ತು ಗೊಂಚಲಾದರೂ ಇರಲಿ, ಗೊಂಚಲಿಗೆ ಗಡ್ಡೆ ಸಂಖ್ಯೆ ಒಂದೇ.

ಅಂಕೋಲೆ ಅಕ್ಕ
ತೂಕ ಕಿತ್ತ ದಿನ ಮಾಡಬೇಡಿ, ಹಸಿ ಎಲೆಯ ಭಾರವೇ ಬರ್ತದೆ. ಮಾಡಿನ ಕೆಳಗೆ ಒಣಗಿ ಜಡೆ ಹಾಕಿದ ದಿನ ಒಂದು ಸಲ, ಆಮೇಲೆ 15 ದಿನಕ್ಕೊಂದು ಸಲ. ಕೊಳೆತದ್ದನ್ನು ಕಿತ್ತು ಬಿಸಾಡುವ ಮೊದಲು ಎಣಿಸಿ ಬರೆದಿಡಿ. ಮತ್ತೆ ಕೆಂಪು ದಾರದ್ದೂ ಬಿಳಿ ದಾರದ್ದೂ ಒಂದೇ ಅಡ್ಡೆಗೆ, ಒಂದು ಬಿಟ್ಟು ಒಂದು ನೇತು ಹಾಕಿ. ಒಲೆ ಕಡೆ ಒಂದು, ಕಿಟಕಿ ಕಡೆ ಒಂದು ಅಂತ ಮಾಡಿದರೆ ಮುಂದಿನ ವರ್ಷ ಮತ್ತೆ ಇದೇ ಜಗಳ.

ಮರಳುಗದ್ದೆ
ದಾರ ತರಿಸಿದೆ. ಒಲೆ ಗ್ಯಾಸಿಂದು ಅಕ್ಕ, ಹೊಗೆ ಇಲ್ಲ.